ಕುದುರೆಮುಖದ ಹುಲ್ಲುಗುಡ್ಡದಲ್ಲಿ ಬೀಜದುಂಡೆ ಎರಚಬಹುದೇ?

ಪ್ರಶ್ನೆ: ನಾನು ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಹೋದ ಡಿಸೆಂಬರಿನಲ್ಲಿ ಮನೆಯವರ ಜೊತೆ ಮುಳ್ಳೋಡಿ ಕಡೆಯಿಂದ ಕುದುರೆಮುಖ ಶಿಖರಕ್ಕೆ ಚಾರಣ ಹೋಗಿದ್ದೆ. ಕಣ್ಣು ಹಾಯಿಸಿದಷ್ಟೂ ಬೋಳು ಗುಡ್ಡಗಳು, ಕಣಿವೆಗಳಲ್ಲಿ ಮಾತ್ರ ಅಷ್ಟಿಷ್ಟು ಕಾಡು. ಗಣಿಗೋ ಸೌದೆಗೋ ಮರ ಕಡಿದು ಹೀಗಾಗಿದೆ ಅಂದುಕೊಂಡು ಬೇಸರವಾಯಿತು. ಈ ಜುಲೈನಲ್ಲಿ ನಮ್ಮ ಇಕೋ ಕ್ಲಬ್ ಮಕ್ಕಳು, ಪೋಷಕರು ಸೇರಿ 40 ಜನ ಹೋಗಿ, ನಾವೇ ಮಾಡಿಟ್ಟಿರುವ 3000 ಬೀಜದುಂಡೆಗಳನ್ನು ದಾರಿಯುದ್ದಕ್ಕೂ ಎರಚುವ ಯೋಚನೆಯಿದೆ. ಹೊಂಗೆ, ಬೇವು, ಹುಣಸೆ, ನೇರಳೆ, ಸುಬಾಬುಲ್ ಬೀಜ ಹಾಕಿದ್ದೇವೆ. ಫೋನಿನಲ್ಲಿ ಇದನ್ನು ಹೇಳಿದಾಗ ಹೋದಸಲ ನಮ್ಮ ಜೊತೆಗಿದ್ದ ಗೈಡ್ "ಬೇಡ ಮೇಡಂ, ಗುಡ್ಡ ಹಾಳಾಗುತ್ತೆ" ಅಂದರು, ಕಾರಣ ಹೇಳಲಿಲ್ಲ. ಇನ್ನೊಂದು ವಿಷಯ: ದಾರಿ ಕೆಲವು ಕಡೆ ಮೊಣಕಾಲು ಮುಳುಗುವಷ್ಟು ಚರಂಡಿಯಂತಾಗಿದೆ. ಅದು ಮಳೆಯಿಂದಲೋ, ನಮ್ಮಂಥವರ ಓಡಾಟದಿಂದಲೋ, ಮರ ಇಲ್ಲದ್ದರಿಂದಲೋ? ಮಗಳು ಅಲ್ಲಿಂದ ಕಪ್ಪು ಪಟ್ಟೆಯ ಭಾರದ ಕಲ್ಲೊಂದನ್ನು ತಂದಿದ್ದಾಳೆ. ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತ ಅದಕ್ಕೆ ಹಿಡಿಯುತ್ತದೆ. ಉಲ್ಕೆಯ ಚೂರಿರಬಹುದು ಎನ್ನುತ್ತಾರೆ ನಮ್ಮ ಸಹೋದ್ಯೋಗಿ. ನಿಜವೇ?

ಉತ್ತರ: ಮೇಡಂ, ಬೀಜದುಂಡೆ ಎರಚುವುದು ಬೇಡ. ನಿಮ್ಮ ಗೈಡ್ ಹೇಳಿದ್ದು ಸರಿ. ಹತ್ತಾರು ಮಕ್ಕಳು ಕೂತು ಕೈ ಕೆಸರು ಮಾಡಿಕೊಂಡು 3000 ಉಂಡೆ ಕಟ್ಟಿದ್ದಾರೆ, ಅವರಿಗೆ ಬರೀ "ಬೇಡ" ಎಂದರೆ ಸಾಲದು. ಭೂವಿಜ್ಞಾನ ಓದಿಕೊಂಡು ಮಲೆನಾಡಿನ ಈ ಗುಡ್ಡಗಳಲ್ಲಿ ಸುಮಾರು ಮೂವತ್ತು ವರ್ಷ ಸುತ್ತಿತಿರುಗಿದ್ದೇನೆ, ಅದರ ಬಲದ ಮೇಲೆ ಕಾರಣ ಹೇಳುತ್ತೇನೆ. ಮಗಳ ಕಲ್ಲಿನಿಂದಲೇ ಶುರು ಮಾಡೋಣ. ನಿಮ್ಮ ಉಳಿದ ಪ್ರಶ್ನೆಗಳೆಲ್ಲ ಆ ಕಲ್ಲಿನ ಮೇಲೇ ನಿಂತಿವೆ.

ಅದು ಉಲ್ಕೆಯ ಚೂರಲ್ಲ. ಅಯಸ್ಕಾಂತ ಹಿಡಿದ ಕಲ್ಲೆಲ್ಲ ಆಕಾಶದಿಂದ ಬಿದ್ದದ್ದು ಎಂಬ ನಂಬಿಕೆ ಬಹಳ ಕಡೆ ಇದೆ. ಪಟ್ಟೆ ಇದೆ ಎಂದಿರಲ್ಲ, ಅದೇ ಗುರುತು. ಕಲ್ಲನ್ನು ತೊಳೆದು ಬಿಸಿಲಿಗೆ ಹಿಡಿದು ನೋಡಿ. ಕಪ್ಪು ಪದರ, ಅದರ ಪಕ್ಕ ಬೂದು ಬಿಳುಪಿನ ಪದರ, ಮತ್ತೆ ಕಪ್ಪು. ಕೆಲವು ಕಾಗದದಷ್ಟು ತೆಳು, ಕೆಲವು ಬೆರಳಿನಷ್ಟು ದಪ್ಪ. ಕಪ್ಪು ಪದರ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜ, ಅಯಸ್ಕಾಂತಕ್ಕೆ ಅಂಟುವುದು ಅದು. ಬಿಳುಪು ಪದರ ಕ್ವಾರ್ಟ್ಜ್, ಅಂದರೆ ನಮ್ಮ ಬೆಣಚುಕಲ್ಲಿನ ಜಾತಿ. ಈ ಕಲ್ಲು ಹುಟ್ಟಿದ್ದು 250 ಕೋಟಿ ವರ್ಷಗಳಿಗೂ ಹಿಂದೆ, ಸಮುದ್ರದ ತಳದಲ್ಲಿ. ಆಗ ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಕಬ್ಬಿಣ ತುಕ್ಕು ಹಿಡಿಯದೆ ನೀರಿನಲ್ಲಿ ಕರಗಿಕೊಂಡೇ ಇತ್ತು. ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಸೂಕ್ಷ್ಮಜೀವಿಗಳು ಸಮುದ್ರದಲ್ಲಿ ಆಮ್ಲಜನಕ ಬಿಡತೊಡಗಿದಾಗ ಆ ಕಬ್ಬಿಣ ಒಡೆದ ಹಾಲಿನಂತೆ ಬೇರ್ಪಟ್ಟು ತಳಕ್ಕೆ ಕೂತಿತು. ನಡುನಡುವೆ ಮರಳಿನ ಮೂಲದ್ರವ್ಯವಾದ ಸಿಲಿಕಾ ಕೂತಿತು. ಕೋಟ್ಯಂತರ ವರ್ಷ ಭೂಮಿಯೊಳಗೆ ಕಾದು, ಮಡಚಿ, ಒತ್ತಡಕ್ಕೆ ಸಿಕ್ಕಿ ಈಗಿನ ರೂಪಕ್ಕೆ ಬಂತು. ನಾವು ಇವತ್ತು ಉಸಿರಾಡುವ ಗಾಳಿ ತಯಾರಾಗತೊಡಗಿದ ಕಾಲದ ದಾಖಲೆ ಅದು. ಉಲ್ಕೆಗಿಂತ ಕಡಿಮೆಯೇನಲ್ಲ ಎಂದು ಮಗಳಿಗೆ ಹೇಳಿ.

ಆದರೆ ಅದನ್ನು ತರಬಾರದಿತ್ತು. ಕುದುರೆಮುಖ 1987ರಿಂದ ರಾಷ್ಟ್ರೀಯ ಉದ್ಯಾನ. ಕಾಡಿನೊಳಗಿನ ಕಲ್ಲು, ಮೇಲ್ಮಣ್ಣು, ಖನಿಜ ಎಲ್ಲವೂ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅರಣ್ಯ ಉತ್ಪನ್ನವೇ. ಗಾಬರಿ ಬೇಡ, ಮಕ್ಕಳು ತಂದುಬಿಡುತ್ತಾರೆ. ಮುಂದಿನ ಸಲ ಹೋದಾಗ ಅರಣ್ಯ ಇಲಾಖೆಯ ತಪಾಸಣೆ ಜಾಗದಲ್ಲಿ ವಿಷಯ ಹೇಳಿ ಒಪ್ಪಿಸಿಬಿಡಿ. ಇನ್ನೊಂದು ಉಪಯೋಗದ ಮಾತು: ಇಂಥ ಕಲ್ಲು ಹೆಚ್ಚಿರುವ ಕಡೆ ಮೊಬೈಲಿನ ದಿಕ್ಸೂಚಿ ತಪ್ಪು ತೋರಿಸುತ್ತದೆ. ಮಂಜು ಕವಿದಾಗ ಅದನ್ನು ನಂಬಿ ದಾರಿ ಹುಡುಕಲು ಹೋಗಬೇಡಿ.

ಈಗ ಬೋಳು ಗುಡ್ಡದ ವಿಚಾರ. ಗಣಿಯಿಂದ ಹೀಗಾಯಿತು ಎಂಬ ಅನುಮಾನ ಸಹಜ. ಇದೇ ಪಟ್ಟೆಕಲ್ಲಿಗಾಗಿ ಕುದುರೆಮುಖದಲ್ಲಿ ದೊಡ್ಡ ಗಣಿ ನಡೆಯಿತು. 1976ರಲ್ಲಿ ಕಂಪನಿ ಸ್ಥಾಪನೆಯಾಯಿತು. ಅದಿರಿನಲ್ಲಿ ಕಬ್ಬಿಣ ನೂರಕ್ಕೆ ನಲವತ್ತಕ್ಕಿಂತ ಕಡಿಮೆ. ಹಾಗಾಗಿ ಪುಡಿ ಮಾಡಿ, ಕಬ್ಬಿಣ ಬೇರ್ಪಡಿಸಿ, ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ಕೆಸರನ್ನು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬುತ್ತಿದ್ದರು. ನಾಗರಹೊಳೆಯಲ್ಲಿ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪನವರು ಗಣಿ ನಿಲ್ಲಿಸಬೇಕೆಂದು ಕೋರ್ಟು ಹತ್ತಿದರು. 2002ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು. ಆದರೆ ಆ ಗಣಿ ಇದ್ದದ್ದು ಮಲ್ಲೇಶ್ವರದ ಸುತ್ತ. ನೀವು ಮುಳ್ಳೋಡಿಯಿಂದ ನಡೆದ ದಾರಿಯ ಗುಡ್ಡಗಳಲ್ಲಿ ಗಣಿ ನಡೆದಿಲ್ಲ. ಅಲ್ಲಿ ಹುಲ್ಲಿರುವುದಕ್ಕೂ ಗಣಿಗೂ ಸಂಬಂಧವಿಲ್ಲ.

ಹಾಗಾದರೆ ಮರ ಏಕಿಲ್ಲ? ಗುಡ್ಡದ ಆಕಾರ ನೋಡಿ. ಪಟ್ಟೆಕಲ್ಲು ಬಲು ಗಟ್ಟಿ, ಅದು ನೆತ್ತಿಯಾಗಿ, ಏಣಾಗಿ ನಿಲ್ಲುತ್ತದೆ. ಅದರ ಮಗ್ಗುಲಿನ ಹಸಿರುಗಪ್ಪು ಕಲ್ಲು ಬೇಗ ಕೊಳೆತು ಮಣ್ಣಾಗುತ್ತದೆ, ಆ ಮಣ್ಣು ಕಣಿವೆಯ ಮಡಿಕೆಗಳಲ್ಲಿ ಕೂಡಿಕೊಳ್ಳುತ್ತದೆ. ಅಲ್ಲಿ ಮಣ್ಣು ಆಳ, ವರ್ಷವಿಡೀ ತೇವ, ಗಾಳಿಯ ಹೊಡೆತ ಕಡಿಮೆ. ಶೋಲಾ ಎಂದು ಕರೆಯುವ ಕುಳ್ಳ, ದಟ್ಟ ಕಾಡು ನಿಂತಿರುವುದು ಅಲ್ಲಿ. ಏಣಿನ ಮೇಲೆ ಮಣ್ಣು ಎಷ್ಟೋ ಕಡೆ ಒಂದು ಗೇಣೂ ಇಲ್ಲ, ಕೆಳಗೆ ಬರೀ ಬಂಡೆ. ಮುಂಗಾರಿನಲ್ಲಿ ಸಮುದ್ರದ ಕಡೆಯಿಂದ ಬರುವ ಗಾಳಿ ನೇರ ಅಲ್ಲಿಗೇ ಅಪ್ಪಳಿಸುತ್ತದೆ. ಜೂನಿನಿಂದ ಸೆಪ್ಟೆಂಬರಿನೊಳಗೆ ಸಾವಿರಾರು ಮಿಲಿಮೀಟರ್ ಮಳೆ ಸುರಿದು ಮಣ್ಣಿನ ಸಾರವನ್ನೆಲ್ಲ ತೊಳೆದುಕೊಂಡು ಹೋಗುತ್ತದೆ. ಫೆಬ್ರುವರಿಯ ಹೊತ್ತಿಗೆ ಅದೇ ಮಣ್ಣು ಒಣಗಿ ಬಿರುಕು ಬಿಟ್ಟಿರುತ್ತದೆ. ಇಷ್ಟನ್ನೂ ತಡೆದುಕೊಂಡು ಬದುಕಲು ಕಲಿತದ್ದು ಹುಲ್ಲು. ಮೇಲೆ ಒಣಗಿದರೂ, ಸುಟ್ಟರೂ, ಮೊದಲ ಮಳೆಗೆ ಬುಡದಿಂದ ಚಿಗುರುತ್ತದೆ.

ಈ ಹುಲ್ಲು ಎಷ್ಟು ಹಳೆಯದು ಎಂದು ಕೇಳುವವರಿಗೆ ನಾನು ನೀಲಗಿರಿಯ ಒಂದು ಅಧ್ಯಯನ ಹೇಳುತ್ತೇನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ಅಲ್ಲಿನ ಜೌಗು ನೆಲದಲ್ಲಿ ಪದರಪದರವಾಗಿ ಕೂತ ಕೊಳೆತ ಸಸ್ಯಾಂಶವನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದರು. ಬಯಲ ಹುಲ್ಲು ಮತ್ತು ಮರ ಇಂಗಾಲವನ್ನು ಹೀರುವ ರೀತಿ ಬೇರೆ, ಆ ಗುರುತು ಸತ್ತ ಮೇಲೂ ಅಳಿಯುವುದಿಲ್ಲ. ಸುಮಾರು 18-20 ಸಾವಿರ ವರ್ಷಗಳ ಹಿಂದಿನ ಶೀತಯುಗದಲ್ಲೇ ಆ ಬೆಟ್ಟಗಳಲ್ಲಿ ಹುಲ್ಲು ಹರಡಿತ್ತು, ಹವೆ ತೇವವಾದಾಗ ಕಾಡು ಹಿಗ್ಗಿತ್ತು, ಒಣಗಿದಾಗ ಕುಗ್ಗಿತ್ತು. ಕೊಡಲಿ ಹಿಡಿದವರು, ದನ ಮೇಯಿಸುವವರು ಬರುವುದಕ್ಕೆ ಬಹಳ ಮೊದಲಿನ ಮಾತು ಇದು.

ಇಲ್ಲಿ ಒಂದು ಎಚ್ಚರ ಹೇಳಬೇಕು, ಇಲ್ಲದಿದ್ದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಮಲೆನಾಡಿನ ಎಲ್ಲ ಬೋಳು ಗುಡ್ಡವೂ ಮೂಲ ಹುಲ್ಲುಗಾವಲಲ್ಲ. ಕೆಳಗಿನ ಎತ್ತರಗಳಲ್ಲಿ, ಊರಿನ ಹತ್ತಿರದ ಬ್ಯಾಣಗಳಲ್ಲಿ (ಮೇವಿಗೆ ಬಿಟ್ಟ ಹುಲ್ಲು ಜಾಗಗಳಲ್ಲಿ) ಬೆಂಕಿ, ಮೇವು, ಸೊಪ್ಪು ಕಡಿತ ಸೇರಿ ಕಾಡು ಹಿಂದೆ ಸರಿದು ಹುಲ್ಲು ಬಂದದ್ದುಂಟು. ಹುಲ್ಲಿನ ನಡುವೆ ಅಲ್ಲಲ್ಲಿ ನೆಲ್ಲಿ, ಕೌಲು ಮರ ನಿಂತಿದ್ದರೆ ಆ ಜಾಗ ಬೆಂಕಿ ಕಂಡಿದೆ ಎಂದುಕೊಳ್ಳಿ, ಅವು ಬೆಂಕಿ ತಡೆಯುವ ಮರಗಳು. ನೀವು ಶಿಖರದ ಕಡೆ ಏರುತ್ತ ಹೋದಂತೆ ಅಂಥ ಮರಗಳೂ ಮಾಯವಾಗಿ ಬರೀ ಹುಲ್ಲು, ಬಂಡೆ, ಮಡಿಕೆಯಲ್ಲಿ ಕುಳ್ಳ ಕಾಡು ಉಳಿಯುತ್ತದೆ. ಕಾಡಿನ ಅಂಚು ಅಲ್ಲಿ ಕತ್ತರಿಸಿಟ್ಟ ಹಾಗೆ ನಿಲ್ಲುತ್ತದೆ: ಒಂದು ಹೆಜ್ಜೆ ಹುಲ್ಲು, ಮುಂದಿನ ಹೆಜ್ಜೆ ಕತ್ತಲೆ ಕಾಡು. ಕಡಿದು ಬೋಳಾದ ಜಾಗದ ಅಂಚು ಸಾಮಾನ್ಯವಾಗಿ ಹೀಗಿರುವುದಿಲ್ಲ, ಹರಕು ಮುರಕಾಗಿರುತ್ತದೆ.

ಈ ಹುಲ್ಲು ಖಾಲಿ ಜಾಗವೂ ಅಲ್ಲ. ಮಳೆಗಾಲದಲ್ಲಿ ಅಗಲಬಾಲದ ಹುಲ್ಲುಹಕ್ಕಿ ಈ ಎತ್ತರದ ಹುಲ್ಲಿನಲ್ಲೇ ನೆಲಕ್ಕೆ ಸಮೀಪ ಗೂಡು ಕಟ್ಟುತ್ತದೆ. ಪಶ್ಚಿಮಘಟ್ಟ ಬಿಟ್ಟರೆ ಅದಕ್ಕೆ ಬೇರೆ ನೆಲೆಯಿಲ್ಲ. ಕಾಟಿ, ಕಡವೆ ಮೇಯಲು ಬರುವುದು ಇಲ್ಲಿಗೇ. ನೀರು ಜಿನುಗುವ ಬಂಡೆಯ ಹತ್ತಿರ ಮೊಣಕಾಲೂರಿ ಕೂತು ನೋಡಿದರೆ ನಾಣ್ಯದಷ್ಟು ಅಗಲದ ಕೆಂಪು ಗಿಡಗಳು ಕಾಣುತ್ತವೆ, ಎಲೆಯ ಕೂದಲುಗಳ ತುದಿಯಲ್ಲಿ ಇಬ್ಬನಿಯಂಥ ಅಂಟು ಹನಿ. ಅದು ಡ್ರೊಸೆರಾ, ಕೀಟ ಹಿಡಿದು ತಿನ್ನುವ ಗಿಡ. ಸಾರವಿಲ್ಲದ ಮಣ್ಣಿನಲ್ಲಿ ಬದುಕಲು ಅದು ಕಂಡುಕೊಂಡ ದಾರಿ ಅದು. ಒಂದು ಬೂಟಿನ ತುಳಿತಕ್ಕೆ ಇಪ್ಪತ್ತು ಗಿಡ ಹೋಗುತ್ತವೆ, ತುಳಿದವರಿಗೆ ಗೊತ್ತೂ ಆಗುವುದಿಲ್ಲ.

ಈಗ ನಿಮ್ಮ ಉಂಡೆಗಳಿಗೆ ಬರೋಣ. ಬೇವು, ಹುಣಸೆ ಬಯಲುಸೀಮೆಯ ಮರಗಳು. ಆ ಮಳೆಗೆ, ಆ ಗಾಳಿಗೆ ಹೆಚ್ಚಿನವು ಮೊಳೆತು ಕೊಳೆತು ಹೋಗುತ್ತವೆ. ಹೊಂಗೆ, ನೇರಳೆಗೂ ಆ ಏಣು ಜಾಗವಲ್ಲ. ಅಷ್ಟೇ ಆಗಿದ್ದರೆ ಶ್ರಮ ವ್ಯರ್ಥ ಎಂದು ಬಿಡಬಹುದಿತ್ತು. ನನಗೆ ನಿಜವಾಗಿ ಭಯ ಹುಟ್ಟಿಸುವುದು ಸುಬಾಬುಲ್. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಹತ್ತು ಗಿಡ ಕಚ್ಚಿಕೊಂಡರೂ ಬೀಜ ಉದುರಿಸಿ ಕೆಳಗಿನ ಇಳಿಜಾರಿಗೆ ಇಳಿಯುತ್ತದೆ. ಉಂಡೆಯ ಮಣ್ಣು ಮೈಸೂರಿನದು, ಗೊಬ್ಬರ ಬೇರೆಲ್ಲಿಯದೋ. ಅದರಲ್ಲಿ ಲಂಟಾನ, ಯುಪಟೋರಿಯಂ, ಪಾರ್ಥೇನಿಯಂನಂಥ ಕಳೆಗಳ ಬೀಜ ಇಲ್ಲವೆಂದು ಯಾರೂ ಹೇಳಲಾರರು.

ಹುಲ್ಲುಗುಡ್ಡಕ್ಕೆ ಮರ ಹಾಕಿದರೆ ಏನಾಗುತ್ತದೆ ಎಂಬುದನ್ನು ಊಹಿಸಬೇಕಾಗಿಲ್ಲ, ನೀಲಗಿರಿ ಬೆಟ್ಟಗಳಲ್ಲಿ ಹೋಗಿ ನೋಡಬಹುದು. ಬ್ರಿಟಿಷರ ಕಾಲದಿಂದಲೂ "ಪಾಳು ನೆಲ" ಎಂದು ಬಗೆದು ಆಸ್ಟ್ರೇಲಿಯಾದ ವ್ಯಾಟಲ್, ನೀಲಗಿರಿ ಮರಗಳನ್ನು ಅಲ್ಲಿನ ಹುಲ್ಲುಗಾವಲಿನಲ್ಲಿ ನೆಟ್ಟರು. ವ್ಯಾಟಲ್ ತಾನಾಗಿ ಹಬ್ಬಿ ಹುಲ್ಲನ್ನು ನುಂಗಿತು. ನೀಲಗಿರಿ ಮರ ನೆಟ್ಟ ಕಣಿವೆಗಳಲ್ಲಿ ಹಳ್ಳದ ನೀರು ಇಳಿದದ್ದನ್ನು ಅಳತೆ ಮಾಡಿ ತೋರಿಸಿದ್ದಾರೆ. ಕುದುರೆಮುಖದ ಉದ್ಯಾನದೊಳಗೆ ಗಂಗಾಮೂಲ ಇದೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಸೀಮೆ. ಶಿವಮೊಗ್ಗ, ದಾವಣಗೆರೆ, ಮಂಗಳೂರಿನ ನಲ್ಲಿಯ ನೀರು ಈ ಹುಲ್ಲಿನ ಬೇರುಗಳ ನಡುವೆ ಇಂಗಿ ಬರಬೇಕು.

"ಮರ ಇಲ್ಲದ್ದರಿಂದ ಮಣ್ಣು ಕೊಚ್ಚಿ ಹೋಗುತ್ತಿದೆಯೇ" ಎಂದು ಕೇಳಿದ್ದೀರಿ. ಇದಕ್ಕೆ ಉತ್ತರ ದಾರಿಯಲ್ಲೇ ಸಿಗುತ್ತದೆ. ಮಳೆ ನಿಂತ ಹತ್ತು ನಿಮಿಷಕ್ಕೆ ಹುಲ್ಲಿನ ಇಳಿಜಾರಿನಿಂದ ಇಳಿಯುವ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡಿ, ಕುಡಿಯುವ ಹಾಗಿರುತ್ತದೆ. ನಾಲ್ಕು ಹೆಜ್ಜೆ ಆಚೆ ಕಾಲುದಾರಿಯಲ್ಲಿ ಹರಿಯುವ ನೀರು ಕೆಂಪು ಕೆಸರು. ಸುರಿದದ್ದು ಒಂದೇ ಮಳೆ, ಗುಡ್ಡವೂ ಒಂದೇ. ಆ ದಾರಿಯ ನೀರು ಸಣ್ಣ ಕಲ್ಲುಗಳ ಹಿಂದೆ ತಿರುಗುವಲ್ಲಿ ಕಪ್ಪು ಮರಳಿನ ಗೆರೆ ಬಿಟ್ಟಿರುತ್ತದೆ. ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅದರ ಮೇಲೆ ಆಡಿಸಿ. ಕಪ್ಪು ಹುಡಿ ಮೀಸೆಯ ಹಾಗೆ ಎದ್ದು ನಿಲ್ಲುತ್ತದೆ. ನಿಮ್ಮ ಮಗಳ ಕಲ್ಲಿನದೇ ಖನಿಜ ಅದು. ಹಗುರ ಮಣ್ಣು ಆಗಲೇ ಹಳ್ಳ ಸೇರಿದೆ, ಭಾರದ್ದು ಮಾತ್ರ ಹಿಂದೆ ಉಳಿದಿದೆ. ಕಪ್ಪು ಗೆರೆ ಕಂಡಲ್ಲೆಲ್ಲ ಅಲ್ಲಿಂದ ಎಷ್ಟು ಮಣ್ಣು ಹೋಗಿದೆ ಎಂದು ನಾನು ಲೆಕ್ಕ ಹಾಕುತ್ತ ನಡೆಯುತ್ತೇನೆ, ಆ ಅಭ್ಯಾಸ ಬಿಡಲಾಗಿಲ್ಲ.

ಚರಂಡಿಯಾಗುವ ಬಗೆ ಹೀಗೆ. ಬೂಟು ತುಳಿದು ತುಳಿದು ಹುಲ್ಲಿನ ಬುಡ ಸಾಯುತ್ತದೆ, ಮಣ್ಣು ಗಟ್ಟಿಯಾಗುತ್ತದೆ, ನೀರು ಇಂಗುವುದಿಲ್ಲ. ಇಂಗದ ನೀರು ದಾರಿಯಲ್ಲೇ ಓಡುತ್ತದೆ. ದಾರಿ ಗುಡ್ಡಕ್ಕೆ ಅಡ್ಡಲಾಗಿ ಸುತ್ತಿಕೊಂಡು ಹೋದರೆ ನೀರು ಪಕ್ಕಕ್ಕೆ ಜಾರಿ ಹುಲ್ಲಿಗೆ ಸೇರುತ್ತದೆ. ನೇರ ಏರುವ ಅಡ್ಡದಾರಿಯಾದರೆ ಕೆಳಗಿನವರೆಗೂ ಅದೇ ಕಾಲುವೆ. ಕಾಲುವೆ ಆಳವಾದಂತೆ ಜಾರುತ್ತದೆ, ಉಂಬಳ ಹತ್ತುತ್ತದೆ, ಬೂಟು ಕೆಸರಾಗುತ್ತದೆ ಎಂದು ಜನ ಪಕ್ಕದ ಹುಲ್ಲಿನ ಮೇಲೆ ನಡೆಯುತ್ತಾರೆ. ಅಲ್ಲೊಂದು ಹೊಸ ದಾರಿ ಬೀಳುತ್ತದೆ, ಎರಡು ಮಳೆಗಾಲದಲ್ಲಿ ಅದೂ ಚರಂಡಿ. ಶಿಖರದ ದಾರಿಯಲ್ಲಿ ಒಂಟಿಮರ ಎನ್ನುವ ಜಾಗ ದಾಟಿದ ಮೇಲೆ ಕೆಲವು ಕಡೆ ಜಡೆಯ ಎಳೆಗಳಂತೆ ಮೂರ್ನಾಲ್ಕು ದಾರಿ ಅಕ್ಕಪಕ್ಕ ಇರುವುದನ್ನು ನೀವೂ ನೋಡಿರಬೇಕು. ಹಾಗಾಗಿ ಮಳೆಯೋ ನಾವೋ ಎಂದು ಕೇಳಿದರೆ: ಕೊಚ್ಚುವುದು ಮಳೆ, ಅದಕ್ಕೆ ಬಾಯಿ ತೆರೆದುಕೊಟ್ಟದ್ದು ನಾವು. ಈ ಮಳೆ ಲಕ್ಷಾಂತರ ವರ್ಷ ಸುರಿದಿದೆ. ಹುಲ್ಲು ಇದ್ದಲ್ಲಿ ಗುಡ್ಡ ತಡೆದುಕೊಂಡಿದೆ.

ಹಳ್ಳಿಯವರು, ದನ ಇದೇ ದಾರಿಯಲ್ಲಿ ತಲೆಮಾರುಗಳಿಂದ ಓಡಾಡಿಲ್ಲವೇ ಎಂದು ಕೆಲವರು ವಾದಿಸುತ್ತಾರೆ. ಓಡಾಡಿದ್ದಾರೆ. ಆದರೆ ಬರಿಗಾಲಿನಲ್ಲೋ ಚಪ್ಪಲಿಯಲ್ಲೋ, ದಿನಕ್ಕೆ ಹತ್ತಿಪ್ಪತ್ತು ಜನ. 2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಂದೇ ವಾರಾಂತ್ಯದಲ್ಲಿ ಜನಸಾಗರ ಏರಿದ ಚಿತ್ರಗಳನ್ನು ನೀವು ನೋಡಿರುತ್ತೀರಿ. ಅದಾದ ಮೇಲೆಯೇ ಸರ್ಕಾರ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿ, ಒಂದು ದಾರಿಗೆ ದಿನಕ್ಕೆ 300 ಜನರ ಮಿತಿ ಹಾಕಿದ್ದು. ಕುದುರೆಮುಖಕ್ಕೂ ಅದು ಅನ್ವಯ. ನನ್ನನ್ನು ಕೇಳಿದರೆ ಮಳೆಗಾಲಕ್ಕೆ 300 ಕೂಡ ಹೆಚ್ಚು. ಒಣಗಿದ ಮಣ್ಣು ಹತ್ತು ಜನರ ತುಳಿತಕ್ಕೆ ಆಗುವಷ್ಟು ಗಾಯ, ನೆನೆದ ಮಣ್ಣು ಒಬ್ಬರ ತುಳಿತಕ್ಕೇ ಆಗುತ್ತದೆ.

ಹಾಗಾದರೆ ನೀವು ಏನು ಮಾಡಬಹುದು?

ಜುಲೈನಲ್ಲೇ 40 ಜನ ಶಿಖರಕ್ಕೆ ಹೋಗುವುದನ್ನು ನಾನು ಒಪ್ಪುವುದಿಲ್ಲ, ಗುಡ್ಡದ ದೃಷ್ಟಿಯಿಂದಲೂ ಮಕ್ಕಳ ದೃಷ್ಟಿಯಿಂದಲೂ. ಹೋಗಿಬರುವುದು ಸುಮಾರು 20 ಕಿಲೋಮೀಟರ್. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ಹಳ್ಳ ಮೇಲೆ ಒಂದು ಜೋರು ಮಳೆ ಬಿದ್ದರೆ ಮಧ್ಯಾಹ್ನದ ಹೊತ್ತಿಗೆ ದಾಟಲಾಗದಂತೆ ತುಂಬುತ್ತದೆ. ಮಂಜಿನಲ್ಲಿ ಹತ್ತು ಮಾರು ಮುಂದಿನವರು ಕಾಣುವುದಿಲ್ಲ. ನನ್ನ ಕಣ್ಣೆದುರೇ ಒಂದು ತಂಡದ ಹುಡುಗನೊಬ್ಬ ಹಿಂದೆ ಬಿದ್ದು, ಜಡೆದಾರಿಯ ತಪ್ಪು ಎಳೆ ಹಿಡಿದು ಎರಡು ಗಂಟೆ ಕಾಣದಾಗಿದ್ದ. ಸಿಕ್ಕಾಗ ಚಳಿಗೆ ತುಟಿ ನೀಲಿಗಟ್ಟಿತ್ತು. ಆ ದಿನ ಅವನ ಶಿಕ್ಷಕರ ಮುಖ ನೋಡಿದವನಾಗಿ ಈ ಮಾತು ಹೇಳುತ್ತಿದ್ದೇನೆ.

ನವೆಂಬರ್ ಕೊನೆಯಿಂದ ಜನವರಿಯವರೆಗೆ ಒಳ್ಳೆಯ ಕಾಲ. ನೆಲ ಗಟ್ಟಿಯಾಗಿರುತ್ತದೆ, ಹಕ್ಕಿಗಳ ಮರಿಗಾಲ ಮುಗಿದಿರುತ್ತದೆ. ಇನ್ನೂ ತಡಮಾಡಿದರೆ ಕಾಳ್ಗಿಚ್ಚಿನ ಭಯಕ್ಕೆ ಇಲಾಖೆ ಚಾರಣ ನಿಲ್ಲಿಸಿಬಿಡಬಹುದು. 40 ಜನರನ್ನು ಒಟ್ಟಿಗೆ ಒಯ್ಯದೆ ಹತ್ತು ಹನ್ನೆರಡು ಜನರಂತೆ ಬೇರೆ ಬೇರೆ ದಿನ ಕರೆದೊಯ್ಯಿರಿ. ಖರ್ಚು ಹೆಚ್ಚಾಗುತ್ತದೆ, ಶಾಲೆಯ ಅನುಮತಿ ಪಡೆಯುವುದೂ ತಲೆನೋವು, ಒಪ್ಪುತ್ತೇನೆ. ಚಿಕ್ಕ ತರಗತಿಯ ಮಕ್ಕಳಾದರೆ ಶಿಖರವೇ ಬೇಡ. ಉದ್ಯಾನದೊಳಗೆ ಭಗವತಿ ಪ್ರಕೃತಿ ಶಿಬಿರ ಇದೆ. ಅಲ್ಲಿಂದಲೇ ಹುಲ್ಲು, ಶೋಲಾ, ಹಳ್ಳ ಮೂರನ್ನೂ ತೋರಿಸಬಹುದು. ಅದೃಷ್ಟವಿದ್ದರೆ ಕಾಡಿನಲ್ಲಿ ಸಿಂಗಳೀಕವೂ ಕಾಣಿಸೀತು.

ನಡೆಯುವಾಗ ಒಂದೇ ಸಾಲು, ದಾರಿಯ ನಡುವೆ. ಕೆಸರಿದ್ದರೆ ಕೆಸರಿನಲ್ಲೇ. ಇದು ಮಕ್ಕಳಿಗೆ ಬಹಳ ಇಷ್ಟ, ಕಷ್ಟವಾಗುವುದು ದೊಡ್ಡವರಿಗೆ. ಬಂಡೆ ಇರುವಲ್ಲಿ ಬಂಡೆಯ ಮೇಲೆ ಹೆಜ್ಜೆ ಇಡಿ, ಜಿನುಗುವ ಬಂಡೆಯೊಂದನ್ನು ಬಿಟ್ಟು. ಅಡ್ಡದಾರಿ ಹಿಡಿಯಲು ಗೈಡ್ ಕರೆದರೂ ಬೇಡವೆನ್ನಿ. ಹೊರಡುವ ಹಿಂದಿನ ರಾತ್ರಿ ಎಲ್ಲರ ಬೂಟಿನ ತಳವನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೊಳೆಸಿ, ಕಾಲುಚೀಲಕ್ಕೆ ಅಂಟಿದ ಬೀಜಗಳನ್ನು ಕಿತ್ತು ತೆಗೆಸಿ. ಯುಪಟೋರಿಯಂ ಗುಡ್ಡ ಹತ್ತಿದ್ದು ಗಾಳಿಯ ಜೊತೆಗೆ ಈ ದಾರಿಯಲ್ಲೂ.

ಇನ್ನು ಕಟ್ಟಿಟ್ಟ 3000 ಉಂಡೆ. ಅವನ್ನು ಚಾಮುಂಡಿ ಬೆಟ್ಟದಲ್ಲಾಗಲಿ ಬೇರೆ ಯಾವ ಕಾಡಿನಲ್ಲಾಗಲಿ ಎರಚಬೇಡಿ. ನೀರಿನಲ್ಲಿ ನೆನೆಸಿ ಒಡೆಯಿರಿ, ಮಕ್ಕಳ ಕೈಯಲ್ಲೇ ಬೀಜ ಆರಿಸಿ. ಸುಬಾಬುಲ್ ಬೀಜ ಗುರುತಿಸುವುದು ಸುಲಭ: ಚಪ್ಪಟೆ, ಹೊಳೆಯುವ ಕಂದು ಬಣ್ಣ, ಒಂದು ತುದಿ ಚೂಪು. ಅವನ್ನು ಒಂದೂ ಬಿಡದೆ ಸುಟ್ಟುಬಿಡಿ. ನೇರಳೆ ಬೀಜಕ್ಕೂ ಬೇವಿನ ಬೀಜಕ್ಕೂ ಆಯುಷ್ಯ ಕಡಿಮೆ, ಒಣಗಿ ಇಟ್ಟಷ್ಟೂ ಮೊಳೆಯುವ ಶಕ್ತಿ ಹೋಗುತ್ತದೆ. ಉಂಡೆ ಕಟ್ಟಿ ತಿಂಗಳುಗಳೇ ಆಗಿದ್ದರೆ ಅವುಗಳ ಆಸೆ ಬಿಡಿ. ಹೊಂಗೆ, ಹುಣಸೆ ನಿಮ್ಮ ಸೀಮೆಯವೇ. ಈ ವಾರವೇ ಅವನ್ನು ಪಾಲಿಥೀನ್ ಚೀಲಗಳಲ್ಲಿ ಬಿತ್ತಿ, ಒಂದು ವರ್ಷ ಶಾಲೆಯಲ್ಲಿ ಬೆಳೆಸಿ, ಮುಂದಿನ ಮಳೆಗೆ ಕೆರೆ ಏರಿಯ ಹೊರಗೆ, ರಸ್ತೆ ಬದಿಗೆ, ಮೈದಾನದ ಅಂಚಿಗೆ ಸಂಬಂಧಪಟ್ಟವರ ಒಪ್ಪಿಗೆ ಪಡೆದು ನೆಡಿ. ಮೂರು ಸಾವಿರ ಉಂಡೆಯಿಂದ ಮುನ್ನೂರು ಸಸಿ ಸಿಕ್ಕರೂ ಅವುಗಳಿಗೆ ಎರಡು ಬೇಸಿಗೆ ನೀರು ಹೊತ್ತು ಹಾಕುವವರು ಬೇಕು. ಎಷ್ಟು ಮಕ್ಕಳಿದ್ದಾರೋ ಅಷ್ಟನ್ನೇ ಬೆಳೆಸಿ.

ನಿಮ್ಮ ಗೈಡ್‌ಗೆ ಒಂದು ಫೋನ್ ಮಾಡಿ, ಅವರು ಹೇಳಿದ್ದು ಸರಿಯಿತ್ತು ಎಂದು ತಿಳಿಸಿ. ಡಿಸೆಂಬರಿನಲ್ಲಿ ಮಕ್ಕಳನ್ನು ಕರೆದುಕೊಂಡು ಬಂದಾಗ ಆ ಕಪ್ಪು ಗೆರೆ ಎಲ್ಲೆಲ್ಲಿ ಬಿದ್ದಿದೆ ಎಂದು ಅವರಿಗೇ ಕೇಳಿ. ಹತ್ತಿಳಿದು ರೂಢಿಯಾದ ಅವರಿಗೆ ಆ ಜಾಗಗಳು ನನಗಿಂತ ಚೆನ್ನಾಗಿ ಗೊತ್ತಿರುತ್ತವೆ.